ಮಗಳಿಗೆ ವಯೋಮಿಂಗ್ ರಾಂಚ್‌ನಲ್ಲಿ ಬೇಸಿಗೆ ಕೆಲಸ: ಅತಿಥಿಗಳ ಜೊತೆ ಹೇಗಿರಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಡೆನ್ವರ್ ಹತ್ತಿರ ಇದ್ದೇವೆ. ಮಗಳಿಗೆ 19 ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಾಳೆ. ಈ ಬೇಸಿಗೆಗೆ ವಯೋಮಿಂಗ್‌ನ ಡೂಬಾಯ್ಸ್ ಕಡೆ ಒಂದು ಡ್ಯೂಡ್ ರಾಂಚ್‌ನಲ್ಲಿ, ಅಂದರೆ ಜನ ಅತಿಥಿಗಳಾಗಿ ಬಂದು ಉಳಿದು ಕುದುರೆ ಸವಾರಿ ಮಾಡುವ ಜಾಗದಲ್ಲಿ, ಕೆಲಸ ಸಿಕ್ಕಿದೆ. ಊಟ, ವಸತಿ ಅಲ್ಲೇ. ಬೆಳಿಗ್ಗೆ ಕ್ಯಾಬಿನ್ ಸ್ವಚ್ಛ ಮಾಡೋದು, ಮೂರು ಹೊತ್ತೂ ಊಟದ ಹಾಲ್‌ನಲ್ಲಿ ಬಡಿಸೋದು, ಜನ ಕಡಿಮೆ ಇದ್ದಾಗ ಸವಾರಿಗೆ ಜೊತೆ ಹೋಗೋದು. ಕುದುರೆ ಅವಳಿಗೆ ಹೊಸದಲ್ಲ, ಶಾಲೆಯಲ್ಲಿದ್ದಾಗಿನಿಂದ ಸವಾರಿ ಕಲಿತಿದ್ದಾಳೆ.

ನನ್ನ ಗೊಂದಲ ಬೇರೆ. ಕೆಲಸದ ಪತ್ರದಲ್ಲಿ ಸಿಬ್ಬಂದಿ ಅತಿಥಿಗಳ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಬೇಕು, ಸಂಜೆ ಬೆಂಕಿ ಹಾಕಿದಾಗ, ಕುಣಿತ ಇದ್ದಾಗ ಬರಬೇಕು, ಅತಿಥಿಗಳ ಸ್ನೇಹ ಬೆಳೆಸಬೇಕು ಅಂತ ಬರೆದಿದ್ದಾರೆ. ಬಡಿಸೋದು ಕೆಲಸ ಅಂತ ನನಗೆ ಅರ್ಥ ಆಗುತ್ತದೆ. ಸ್ನೇಹ ಮಾಡೋದು ಕೆಲಸ ಹೇಗಾಗುತ್ತದೆ? ನನ್ನ ಮಗಳು ಮಾತು ಕಡಿಮೆ. ಹೊಸಬರ ಎದುರು ಇನ್ನೂ ಕಡಿಮೆ. ವಾರಕ್ಕೊಂದು ಹೊಸ ಗುಂಪು ಬರುತ್ತದಂತೆ. ಅವಳು ಇದನ್ನು ಹೇಗೆ ನಿಭಾಯಿಸುತ್ತಾಳೆ ಅಂತ ಯೋಚನೆ ಆಗಿದೆ. ಅಂಥ ಕಡೆ ಕೆಲಸ ಮಾಡಿದವರು, ಅತಿಥಿಗಳಾಗಿ ಹೋಗಿದ್ದವರು ಇದ್ದರೆ ದಯವಿಟ್ಟು ಬರೆಯಿರಿ. ಅವಳೂ ಇದನ್ನು ಓದುತ್ತಾಳೆ.

ಕುದುರೆಲಾಯ

ಓದಿ ಖುಷಿಯಾಯಿತು. ನಮ್ಮವರ ಮಕ್ಕಳು ಈ ಕೆಲಸಕ್ಕೆ ಹೋಗೋದು ಅಪರೂಪ. ನಾನು ಕಾಲೇಜು ದಿನಗಳಲ್ಲಿ ಕೆಲವು ಬೇಸಿಗೆ ಕೋಡಿ ಊರಿನಿಂದ ಯೆಲ್ಲೊಸ್ಟೋನ್‌ನ ಪೂರ್ವ ಬಾಗಿಲಿಗೆ ಹೋಗುವ ದಾರಿಯಲ್ಲಿರುವ ವಾಪಿಟಿ ಕಣಿವೆಯಲ್ಲಿ ರಾಂಗ್ಲರ್ ಆಗಿದ್ದೆ, ಅಂದರೆ ಕುದುರೆ ನೋಡಿಕೊಂಡು ಅತಿಥಿಗಳನ್ನು ಸವಾರಿಗೆ ಕರೆದೊಯ್ಯುವ ಕೆಲಸ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸ್ನೇಹದ ಮಾತು ಆ ಪತ್ರಕ್ಕೆ ಸುಮ್ನೆ ಬಂದು ಸೇರಿದ್ದಲ್ಲ. ಡ್ಯೂಡ್ ರಾಂಚ್ ಹುಟ್ಟಿದ್ದೇ ಹಾಗೆ. 1880ರ ಸುಮಾರಿಗೆ ಪಿಟ್ಸ್‌ಬರ್ಗ್‌ನಿಂದ ಬಂದ ಈಟನ್ ಅಣ್ಣತಮ್ಮಂದಿರು ಡಕೋಟಾದ ಮೆಡೋರಾ ಹತ್ತಿರ ದನದ ರಾಂಚ್ ಮಾಡಿಕೊಂಡಿದ್ದರು. ಪೂರ್ವದ ಊರುಗಳಿಂದ ಗೆಳೆಯರು, ಗೆಳೆಯರ ಗೆಳೆಯರು ಬಂದು ತಿಂಗಳುಗಟ್ಟಲೆ ಉಳಿಯೋರು. ತಿನ್ನೋರು, ಬೇಟೆಗೆ ಹೋಗೋರು, ದನ ಅಟ್ಟೋಕೆ ಕೈ ಜೋಡಿಸೋರು. ಇಷ್ಟು ಜನಕ್ಕೆ ಊಟ ಹಾಕಿದರೆ ಯಾವ ರಾಂಚ್ ಉಳಿಯುತ್ತದೆ ಹೇಳಿ? ಕೊನೆಗೆ ಬಂದವರೇ ದುಡ್ಡು ಕೊಡ್ತೀವಿ ಅಂತ ಹಠ ಹಿಡಿದರು. 1882ರಲ್ಲಿ ಬಫೆಲೋ ಊರಿನಿಂದ ಬಂದಿದ್ದ ಬರ್ಟ್ ರಮ್ಸಿ ಎಂಬವರನ್ನು ಮೊದಲ ದುಡ್ಡು ಕೊಟ್ಟ ಅತಿಥಿ ಅಂತ ಹೇಳುತ್ತಾರೆ. 1904ರಲ್ಲಿ ಈಟನ್ ಮನೆಯವರು ವಯೋಮಿಂಗ್‌ನ ಶೆರಿಡನ್ ಹತ್ತಿರ ವುಲ್ಫ್ ಎಂಬಲ್ಲಿಗೆ ಬಂದರು. ಆ ರಾಂಚ್ ಈಗಲೂ ಇದೆ. 1926ರಲ್ಲಿ ರಾಂಚ್ ಮಾಲೀಕರೆಲ್ಲ ಸೇರಿ ಸಂಘ ಕಟ್ಟಿದರು, ನಾರ್ದರ್ನ್ ಪೆಸಿಫಿಕ್ ರೈಲ್ವೆಯವರು ಬೆನ್ನಿಗೆ ನಿಂತರು. ಅಂದರೆ ಇಲ್ಲಿ ಮೊದಲು ಬಂದದ್ದು ಸ್ನೇಹ, ಬಿಲ್ಲು ಬಂದದ್ದು ಆಮೇಲೆ. ಇವತ್ತಿಗೂ ಅತಿಥಿ ಹುಡುಕಿಕೊಂಡು ಬರೋದು ಆ ಹಳೆಯ ಮನೆಯ ವಾತಾವರಣವನ್ನೇ.

ಈಗ ವಾರದ ಲೆಕ್ಕ. ಹೆಚ್ಚಿನ ಕಡೆ ಭಾನುವಾರ ಮಧ್ಯಾಹ್ನ ಜನ ಬರುತ್ತಾರೆ, ಮುಂದಿನ ಶನಿವಾರವೋ ಭಾನುವಾರವೋ ಬೆಳಿಗ್ಗೆ ಹೊರಡುತ್ತಾರೆ. ಬಂದ ದಿನ ಎಲ್ಲರೂ ಬಿಗಿಯಾಗಿರುತ್ತಾರೆ. ಟೋಪಿ ಹೊಸದು, ಬೂಟು ಕಚ್ಚುತ್ತಿರುತ್ತದೆ, ಫೋನ್‌ಗೆ ಸಿಗ್ನಲ್ ಇಲ್ಲ. ಡೂಬಾಯ್ಸ್ ಊರು ನಿಂತಿರೋದೇ ಸುಮಾರು 6,900 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330 ಅಡಿ. ಸಮುದ್ರದ ಪಕ್ಕದಿಂದ ಬಂದವರಿಗೆ ಮೊದಲ ರಾತ್ರಿ ತಲೆನೋವು, ನಿದ್ದೆ ಇಲ್ಲ. ಸೋಮವಾರ ಬೆಳಿಗ್ಗೆ ಮುಖ ಗಂಟು ಹಾಕಿಕೊಂಡು ಬಂದ ಅತಿಥಿಯನ್ನು ಕಂಡರೆ ಸಿಟ್ಟಿನ ಮನುಷ್ಯ ಅಂದುಕೊಳ್ಳಬಾರದು. ಒಂದು ದೊಡ್ಡ ಲೋಟ ನೀರು ಮುಂದಿಡಬೇಕು, ರಾತ್ರಿ ನಿದ್ದೆ ಬಂತಾ ಅಂತ ಕೇಳಬೇಕು. ಅವರ ಸ್ನೇಹ ಅಲ್ಲಿಂದಲೇ ಶುರುವಾಗುತ್ತದೆ.

ಮಾತು ಕಡಿಮೆ ಅಂದಿರಲ್ಲ, ಅದರ ಬಗ್ಗೆ ಚಿಂತೆ ಬೇಡ. ನಾನು ಕಂಡ ಒಳ್ಳೆಯ ಸಿಬ್ಬಂದಿಯಲ್ಲಿ ಅರ್ಧಕ್ಕರ್ಧ ಮೌನಿಗಳು. ಬಾಯಿ ತುಂಬ ಮಾತಾಡೋರು ಸೋಮವಾರ ಎಲ್ಲರಿಗೂ ಇಷ್ಟ, ಗುರುವಾರದ ಹೊತ್ತಿಗೆ ಸುಸ್ತು. ಮೇಜಿನಲ್ಲಿ ಕೂತಾಗ ಕೇಳೋಕೆ ಒಂದು ಪ್ರಶ್ನೆ ಯಾವತ್ತೂ ಕೈಕೊಡುವುದಿಲ್ಲ: "ಇವತ್ತು ನಿಮ್ಮ ಕುದುರೆ ಹೇಗಿತ್ತು?" ಏನು ಕೆಲಸ ಮಾಡ್ತೀರಿ, ಎಲ್ಲಿಂದ ಬಂದಿರಿ ಅಂತ ಕೇಳಿದರೆ ಅವರು ಬಿಟ್ಟು ಬಂದ ಆಫೀಸನ್ನೇ ಮತ್ತೆ ಮೇಜಿಗೆ ತಂದಂತೆ. ಕುದುರೆ ವಿಷಯಕ್ಕೆ ಎಂಟು ವರ್ಷದ ಮಗುವಿಗೂ ಉತ್ತರ ಇದೆ, ದೊಡ್ಡ ಕಂಪನಿ ನಡೆಸುವವನಿಗೂ ಉತ್ತರ ಇದೆ. ನನ್ನದು ಹಳ್ಳ ದಾಟೋಕೇ ಒಪ್ಪಲಿಲ್ಲ, ನನ್ನದು ದಾರಿಯುದ್ದಕ್ಕೂ ಹುಲ್ಲು ಮೇಯ್ತು. ಅವರವರೇ ಮಾತು ಮುಂದುವರಿಸುತ್ತಾರೆ. ನಿಮ್ಮ ಮಗಳು ಕೇಳಿಸಿಕೊಂಡರೆ ಸಾಕು. ಕೇಳಿಸಿಕೊಂಡಿದ್ದು ಮರುದಿನ ನೆನಪಿದ್ದರೆ ಇನ್ನೂ ಒಳ್ಳೆಯದು.

ಲೆಕ್ಕಪತ್ರ

ಮೇಲಿನದು ಚೆನ್ನಾಗಿದೆ. ಆದರೆ ಅಪ್ಪಂದಿರು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ರಾತ್ರಿ ಬೆಂಕಿ ಮುಂದೆ ಕೂತು ನಗೋದು ಕೆಲಸವೋ ಅಲ್ಲವೋ? ಕೆಲಸ ಅಂದರೆ ಗಂಟೆ ಲೆಕ್ಕಕ್ಕೆ ಬರಬೇಕು. ನನ್ನ ಪರಿಚಯದ ಹುಡುಗನೊಬ್ಬ ಒಂದು ರಾಂಚ್‌ನಲ್ಲಿದ್ದ. ಬೆಳಗಿನ ಜಾವ ಎದ್ದರೆ ರಾತ್ರಿ ಮಲಗುವವರೆಗೂ ಅತಿಥಿಗಳ ಕಣ್ಣೆದುರು ಇರಬೇಕಿತ್ತು. ಸಂಬಳ ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ.

ಅಮೆರಿಕದ ಕೇಂದ್ರ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಅದರಲ್ಲೂ ವರ್ಷಕ್ಕೆ ಏಳು ತಿಂಗಳು ಮೀರದೆ ನಡೆಯುವ ಕೆಲವು ಮನರಂಜನಾ ತಾಣಗಳಿಗೆ ವಿನಾಯಿತಿ ಇದೆ. ಹಾಗಾಗಿ ಟಿಪ್ ಮೇಲೆ ಬಹಳ ನಿಂತಿದೆ. ಟಿಪ್ ಬಗ್ಗೆ ಎರಡು ವಿಷಯ ಮೊದಲೇ ಕೇಳಿಕೊಳ್ಳಿ. ಒಂದು, ಅತಿಥಿ ಬಿಲ್ಲಿನಲ್ಲಿ ಸೇರುವ ಶೇಕಡಾವಾರು ಮೊತ್ತ ಟಿಪ್ಪೋ, ಕಡ್ಡಾಯ ಸರ್ವಿಸ್ ಚಾರ್ಜೋ? ಅತಿಥಿ ತಾನಾಗಿ ಕೊಟ್ಟ ಟಿಪ್ ಸಿಬ್ಬಂದಿಯದು. 2018ರ ತಿದ್ದುಪಡಿ ಪ್ರಕಾರ ಮಾಲೀಕರಾಗಲಿ ಮ್ಯಾನೇಜರ್ ಆಗಲಿ ಅದರಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲ. ಕಡ್ಡಾಯ ಚಾರ್ಜ್ ಹಾಗಲ್ಲ, ಅದು ಕೇಂದ್ರ ಕಾನೂನಿನ ಲೆಕ್ಕದಲ್ಲಿ ಮಾಲೀಕರ ಆದಾಯ. ಎರಡು, ಟಿಪ್ ಎಲ್ಲರ ನಡುವೆ ಹಂಚುತ್ತಾರಾ, ಪಡೆದವರೇ ಇಟ್ಟುಕೊಳ್ಳುತ್ತಾರಾ? ಪಡೆದವರೇ ಇಟ್ಟುಕೊಳ್ಳುವ ಕಡೆ ಸ್ನೇಹದ ಮೇಲೆ ಒಂದು ಬೆಲೆಚೀಟಿ ಬಿದ್ದುಬಿಡುತ್ತದೆ. ಅದು ಹುಡುಗರ ಮನಸ್ಸಿಗೆ ಒಳ್ಳೆಯದಲ್ಲ.

ಕುದುರೆಲಾಯ

@ಲೆಕ್ಕಪತ್ರ, ಇದನ್ನು ಎತ್ತಿದ್ದು ಒಳ್ಳೆಯದಾಯಿತು. ಒಪ್ಪುತ್ತೇನೆ. ನಾನಿದ್ದ ಕಡೆ ಎಲ್ಲ ಟಿಪ್ಪೂ ಒಂದೇ ಡಬ್ಬಿಗೆ, ಪಾತ್ರೆ ತೊಳೆಯುವವರಿಂದ ಹಿಡಿದು ನಮ್ಮವರೆಗೆ ಸಮಪಾಲು. ಅದರಿಂದ ಒಂದು ದೊಡ್ಡ ಉಪಕಾರ ಆಗುತ್ತಿತ್ತು. ಯಾರ ಜೊತೆ ಕೂತರೆ ಜಾಸ್ತಿ ಸಿಗುತ್ತೆ ಅನ್ನೋ ಯೋಚನೆಯೇ ಇರಲಿಲ್ಲ. ಒಂಟಿಯಾಗಿ ಬಂದ ಮನುಷ್ಯನ ಪಕ್ಕದಲ್ಲೂ ಯಾರಾದರೂ ಕೂರುತ್ತಿದ್ದರು.

ಗಂಟೆಯ ವಿಷಯಕ್ಕೆ ನನ್ನ ಅಭಿಪ್ರಾಯ ಇದು. ಹಾಜರಿ ಕಡ್ಡಾಯ ಅಂದರೆ ಅದು ಕೆಲಸ, ಗಂಟೆ ಬರೆಯಲೇಬೇಕು. ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು ಅಂದರೆ ನಿಜವಾಗಿ ಬಿಡುವ ಸ್ವಾತಂತ್ರ್ಯ ಇರಬೇಕು. ಸೇರುವ ಮೊದಲು ಫೋನಿನಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ವಾರಕ್ಕೆ ಒಂದು ಪೂರ್ತಿ ರಜಾ ದಿನ ಇದೆಯಾ, ಆ ದಿನ ಅತಿಥಿಗಳ ಕಣ್ಣಿಗೆ ಬೀಳದೆ ಇರೋಕೆ ಜಾಗ ಇದೆಯಾ, ಇದನ್ನೂ ಕೇಳಲಿ. ಮಾತು ಕಡಿಮೆ ಇರುವ ಹುಡುಗಿಗೆ ಆ ಜಾಗ ಊಟದಷ್ಟೇ ಮುಖ್ಯ.

ಒಲೆಮುಂದೆ

ನಾನು ಕೊಲರಾಡೋದ ಒಂದು ಗೆಸ್ಟ್ ರಾಂಚ್‌ನ ಅಡುಗೆಮನೆಯಲ್ಲಿದ್ದೆ. ಬಡಿಸುವ ಹುಡುಗಿಗೆ ನನ್ನ ಕಡೆಯಿಂದ ಒಂದೇ ಮಾತು: ಯಾರು ಏನು ತಿನ್ನುವುದಿಲ್ಲ ಅನ್ನೋದನ್ನು ಮೊದಲ ರಾತ್ರಿಯೇ ಬಾಯಿಪಾಠ ಮಾಡಿಕೊಳ್ಳಲಿ. ಬುಕಿಂಗ್ ಹಾಳೆಯಲ್ಲಿ ಬರೆದಿರುತ್ತದೆ, ಆದರೂ ಬಾಯಿಬಿಟ್ಟು ಕೇಳಬೇಕು.

ನಮ್ಮ ಕಡೆಯ ಸಸ್ಯಾಹಾರಿ ಕುಟುಂಬಗಳು ಈಗ ರಾಂಚ್‌ಗಳಿಗೆ ಬರುತ್ತವೆ. ಅವರಿಗೆ ಮಾಂಸ ಎಲ್ಲಿ ಅಡಗಿದೆ ಅಂತ ಅಡುಗೆಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಬೀನ್ಸ್ ಕುದಿಸುವಾಗ ಹಂದಿ ಮಾಂಸದ ತುಂಡು ಹಾಕಿರುತ್ತಾರೆ. ತರಕಾರಿ ಸೂಪ್‌ನ ನೀರು ದನದ ಮೂಳೆಯದ್ದು. ಪೈ ಹಿಟ್ಟಿನಲ್ಲಿ ಹಂದಿ ಕೊಬ್ಬು. ವೂಸ್ಟರ್‌ಶೈರ್ ಸಾಸ್‌ನಲ್ಲಿ ಮೀನು. ಎಲ್ಲಕ್ಕಿಂತ ಕಷ್ಟ ಬೆಂಕಿ ಮುಂದೆ ಮಕ್ಕಳು ಸುಡುವ ಮಾರ್ಷ್‌ಮೆಲ್ಲೊ. ಅದರಲ್ಲಿ ಜೆಲಟಿನ್ ಇದೆ, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರೋದು. ಎಲ್ಲ ಮಕ್ಕಳೂ ಕಡ್ಡಿ ಹಿಡಿದು ಕೂತಿರುವಾಗ ಒಂದು ಮಗು ಮಾತ್ರ ಸುಮ್ಮನೆ ಕೂರಬೇಕಾದರೆ ಹೇಗನಿಸುತ್ತದೆ? ನಮ್ಮಲ್ಲಿ ಬಡಿಸುತ್ತಿದ್ದ ಹುಡುಗಿಯೊಬ್ಬಳು ಇದನ್ನು ಗಮನಿಸಿದಳು. ಮಾರನೇ ದಿನ ಪೇಟೆಗೆ ಹೋಗುವ ಗಾಡಿಯವನಿಗೆ ಚೀಟಿ ಕೊಟ್ಟು ಜೆಲಟಿನ್ ಇಲ್ಲದ ಪೊಟ್ಟಣ ತರಿಸಿದಳು. ಯಾರಿಗೂ ಹೇಳಲಿಲ್ಲ. ರಾತ್ರಿ ಆ ಮಗುವಿನ ಕೈಗೆ ಕಡ್ಡಿ ಕೊಟ್ಟು, ಇದು ನಿನ್ನದು ಅಂದಳು. ಆ ಮಗುವಿನ ಅಮ್ಮ ವಾರವಿಡೀ ಆ ಹುಡುಗಿಯ ಹೆಸರು ಹಿಡಿದೇ ಮಾತಾಡಿಸುತ್ತಿದ್ದರು.

ಇನ್ನೊಂದು. ಪಾತ್ರೆಗಳನ್ನು ಮೇಜಿನ ಮಧ್ಯೆ ಇಟ್ಟು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಅಲ್ಲಿ ಜಾಸ್ತಿ. ಕೂತವರು ಎಲ್ಲರೂ ಬಡಿಸುವವರೇ. ಇದು ನಮ್ಮ ಪಂಕ್ತಿಯಂತಲ್ಲ, ಹಾಗಾಗಿ ಓಡಾಡಿ ಉಪಚಾರ ಮಾಡಬೇಕು ಅಂತ ಒದ್ದಾಡೋದು ಬೇಡ. ಪಕ್ಕದವರಿಗೆ ಆಲೂಗಡ್ಡೆ ದಾಟಿಸಿ ಅಂದರೆ ಅಪರಿಚಿತರಿಬ್ಬರು ಮಾತಿಗೆ ಶುರುಮಾಡುತ್ತಾರೆ. ಅಷ್ಟು ಸಾಕು.

ರೆಡ್ಮಂಡ್_ಅಮ್ಮ

ನಾವು ಅತಿಥಿಗಳಾಗಿ ಹೋಗಿದ್ದವರು. ಮೊಂಟಾನಾದ ಒಂದು ರಾಂಚ್. ನಾನು, ಗಂಡ, ಮಕ್ಕಳಿಬ್ಬರು, ಜೊತೆಗೆ ಊರಿಂದ ಬಂದಿದ್ದ ನನ್ನ ಅತ್ತೆ. ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಕುದುರೆ ಹತ್ತುವ ಮಾತೇ ಇಲ್ಲ. ನಾವೆಲ್ಲ ಸವಾರಿಗೆ ಹೋದಾಗ ಅವರು ಕ್ಯಾಬಿನ್‌ನಲ್ಲಿ ಒಬ್ಬರೇ ಕೂತಿರಬೇಕಲ್ಲ ಅಂತ ನನಗೆ ಸಂಕಟ ಆಗಿತ್ತು.

ಕ್ಯಾಬಿನ್ ಸ್ವಚ್ಛ ಮಾಡೋಕೆ ಬರುತ್ತಿದ್ದ ಹುಡುಗಿ ಎರಡನೇ ದಿನವೇ ಒಂದು ಕುರ್ಚಿ ತೆಗೆದುಕೊಂಡು ಹೋಗಿ ಕೊರಲ್ (ಕುದುರೆ ಬಿಡುವ ಆವರಣ) ಬೇಲಿಯ ಪಕ್ಕ ನೆರಳಲ್ಲಿ ಇಟ್ಟಳು. ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದಳು. ಒಂದೊಂದು ಕುದುರೆಗೂ ಬೆರಳು ತೋರಿಸಿ ಹೆಸರು ಹೇಳುತ್ತಿದ್ದಳು. ಅತ್ತೆ ತಿರುಗಿ ಹೇಳುತ್ತಿದ್ದರು. ಆಮೇಲೆ ಅವಳು ಕೆಲಸಕ್ಕೆ ಹೋಗೋಳು, ಮಧ್ಯೆ ಮಧ್ಯೆ ಬಂದು ಒಂದು ಕುದುರೆ ತೋರಿಸಿ ಪರೀಕ್ಷೆ ಮಾಡೋಳು. ಬುಧವಾರದ ಹೊತ್ತಿಗೆ ನಮ್ಮ ಅತ್ತೆಗೆ ಆ ಲಾಯದ ರಾಜಕೀಯ ಪೂರ್ತಿ ಗೊತ್ತಿತ್ತು. ಯಾವುದು ಯಾವುದನ್ನು ಒದೆಯುತ್ತದೆ, ಯಾವುದಕ್ಕೆ ಯಾವುದರ ಪಕ್ಕ ನಿಲ್ಲೋದು ಇಷ್ಟ, ಯಾವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದಾರೆ. ಊಟಕ್ಕೆ ಕೂತಾಗ ಅವರು ಕನ್ನಡದಲ್ಲಿ ವರದಿ ಕೊಡುತ್ತಿದ್ದರು, ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದ, ಮೇಜೆಲ್ಲ ಕೇಳುತ್ತಿತ್ತು.

ಆ ಹುಡುಗಿಯೂ ಮಾತು ಕಡಿಮೆಯವಳೇ. ನಮ್ಮ ಜೊತೆ ಹತ್ತು ಮಾತು ಆಡಿದ್ದಾಳೋ ಇಲ್ಲವೋ. ನಿಮ್ಮ ಮಗಳ ಬಗ್ಗೆ ಓದಿ ಅವಳದೇ ನೆನಪಾಯಿತು. ಅತ್ತೆ ಈಗಲೂ ಫೋನ್ ಮಾಡಿದಾಗ ಅವಳು ಏನು ಮಾಡ್ತಿದ್ದಾಳೆ ಅಂತ ಕೇಳುತ್ತಾರೆ.

ಸಕಲೇಶಪುರ_ತೋಟ

ನಮ್ಮದು ಸಕಲೇಶಪುರ ಕಡೆ ಸಣ್ಣ ಹೋಂಸ್ಟೇ. ರಾಂಚ್ ನೋಡಿಲ್ಲ, ಆದರೆ ಓದುತ್ತಾ ತಲೆ ಆಡಿಸುತ್ತಿದ್ದೇನೆ. ಒಂದು ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಅತಿಥಿ ಎರಡು ರಾತ್ರಿ ಇರುತ್ತಾನೆ. ಗುರುತು ಸಿಗುವಷ್ಟರಲ್ಲಿ ಗಾಡಿ ಹತ್ತಿರುತ್ತಾನೆ. ಪೂರ್ತಿ ವಾರ ಉಳಿಯುವ ಪದ್ಧತಿ ಇದ್ದರೆ ಎಷ್ಟು ಚೆನ್ನ ಅನಿಸಿತು. ಜಗಳವಾಡಿಕೊಂಡು ಬಂದ ದಂಪತಿ, ಫೋನಿನಿಂದ ತಲೆ ಎತ್ತದ ಮಕ್ಕಳು, ಇವರೆಲ್ಲ ಸಡಿಲ ಆಗೋಕೆ ಮೂರು ದಿನ ಬೇಕೇ ಬೇಕು.

ಒಂದು ಕೇಳಬೇಕಿತ್ತು. ಅತಿಥಿಗಳು ಎಲ್ಲ ಕೆಲಸಕ್ಕೂ ಕೈ ಹಾಕೋಕೆ ಬರುತ್ತಾರಾ? ನಮ್ಮಲ್ಲಿ ಕಾಫಿ ಕೊಯ್ಲಿನ ಕಾಲದಲ್ಲಿ ಬಂದವರು ನಾವೂ ಕೊಯ್ತೀವಿ ಅಂತಾರೆ. ಬೇಡ ಅನ್ನೋಕೂ ಆಗಲ್ಲ, ಕೊಟ್ಟರೆ ಆಳುಗಳ ಕೆಲಸ ನಿಲ್ಲುತ್ತದೆ.

ಕುದುರೆಲಾಯ

@ಸಕಲೇಶಪುರ_ತೋಟ, ಇದೇ ಪ್ರಶ್ನೆಗಾಗಿ ಕಾಯುತ್ತಿದ್ದೆ. ಕೈ ಹಾಕೋಕೆ ಬಿಡಬೇಕು. ನನ್ನ ಅನುಭವದಲ್ಲಿ ಅತಿಥಿ ಗೆಳೆಯ ಆಗೋದು ಆ ಜಾಗದಲ್ಲೇ. ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಅವರು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಅವರ ಕೈಯಿಂದಲೇ ಒಂದು ಕೆಲಸ ಆಗುವ ಹಾಗೆ ನಾವು ಪಕ್ಕದಲ್ಲಿ ನಿಂತರೆ ಮುಂದಿನ ವರ್ಷ ಅದೇ ವಾರಕ್ಕೆ ಬರುತ್ತಾರೆ.

ಒಬ್ಬ ಹಿರಿಯರು ಬರುತ್ತಿದ್ದರು. ಬಹಳ ವರ್ಷದಿಂದ ಬರುವವರು. ಜೀನು ತಾವೇ ಹಾಕಬೇಕು ಅವರಿಗೆ. ಬೆರಳುಗಳ ಗಂಟಲ್ಲಿ ಊತ, ಚೆನ್ನಾಗಿ ಮಡಚೋಕೆ ಬರುತ್ತಿರಲಿಲ್ಲ. ವೆಸ್ಟರ್ನ್ ಜೀನು ಅಂದರೆ ಹಗುರ ಅಲ್ಲ, ಎತ್ತಿ ಕುದುರೆ ಬೆನ್ನಿನ ಮೇಲೆ ಇಡಬೇಕು. ಆಮೇಲೆ ಹೊಟ್ಟೆ ಕೆಳಗಿನ ಪಟ್ಟಿ ಎಳೆದು ಬಿಗಿಯಬೇಕು. ಅದಕ್ಕೆ ಸಿಂಚ್ ಅನ್ನುತ್ತಾರೆ. ಜೀನು ಎತ್ತಿ ಇಡೋದು ನನ್ನ ಕೆಲಸ ಅಂತ ನಮ್ಮಿಬ್ಬರ ನಡುವೆ ಮಾತಿಲ್ಲದೆ ಒಪ್ಪಂದ ಆಗಿತ್ತು. ಇಟ್ಟು ನಾನು ಕುದುರೆಯ ಆಚೆ ಬದಿಗೆ ಹೋಗಿ ಸಿಂಚ್ ಇಳಿಬಿಡುತ್ತಿದ್ದೆ. ಅವರು ಈಚೆ ಬದಿಯಿಂದ ಬಗ್ಗಿ ಅದನ್ನು ಹಿಡಿದು, ಚರ್ಮದ ಪಟ್ಟಿಯನ್ನು ಉಂಗುರದೊಳಗೆ ತೂರಿಸಿ, ಎರಡು ಸುತ್ತು ತಂದು ಎಳೆಯುತ್ತಿದ್ದರು. ಒಂದು ಸಲಕ್ಕೆ ಆಗುತ್ತಿರಲಿಲ್ಲ. ಪಟ್ಟಿ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು. ಉಳಿದವರೆಲ್ಲ ಕುದುರೆ ಮೇಲೆ ಕೂತು ಕಾಯುತ್ತಿದ್ದರು. ಅವರ ಕಣ್ಣೆಲ್ಲ ಈ ಹಿರಿಯರ ಬೆನ್ನ ಮೇಲೆ ಇರಬಾರದಲ್ಲ, ಅದಕ್ಕೆ ಇನ್ನೊಬ್ಬ ರಾಂಗ್ಲರ್ ಅವರನ್ನು ಕೊರಲ್‌ನಲ್ಲಿ ಎರಡು ಸುತ್ತು ಹಾಕಿಸುತ್ತಿದ್ದಳು, ಸ್ಟಿರಪ್ (ಜೀನಿನಿಂದ ಇಳಿಬಿದ್ದ, ಪಾದ ಇಡುವ ಬಳೆ) ಉದ್ದ ಸರಿ ಇದೆಯಾ ಅಂತ ಒಬ್ಬೊಬ್ಬರದೂ ನೋಡುತ್ತಿದ್ದಳು. ಹತ್ತಿ ಹೊರಡುವ ಮೊದಲು ಸಿಂಚ್ ಇನ್ನೊಮ್ಮೆ ಬಿಗಿಯಬೇಕು, ಕುದುರೆಗಳು ಮೊದಲ ಸಲ ಹೊಟ್ಟೆ ಉಬ್ಬಿಸಿಕೊಂಡಿರುತ್ತವೆ. ಆ ಎರಡನೇ ಬಿಗಿತ ಎಲ್ಲ ಕುದುರೆಗೂ ನಾನೇ ಮಾಡೋದು ನಿಯಮ, ಹಾಗಾಗಿ ಅವರ ಕುದುರೆಗೂ ಮಾಡುತ್ತಿದ್ದೆ. ಜೀನು ಭದ್ರವಾಗಿರುತ್ತಿತ್ತು. ಹಾಕಿದವರು ಅವರೇ ಆಗಿರುತ್ತಿದ್ದರು.

ಅವರ ಜೊತೆ ನಾನು ಆಡಿದ ಮಾತು ಬಹಳ ಇಲ್ಲ. ಆದರೆ ಪ್ರತಿ ಕ್ರಿಸ್ಮಸ್‌ಗೆ ಅವರ ಕೈಬರಹದ ಕಾರ್ಡ್ ಬರುತ್ತದೆ. ಅದರಲ್ಲಿ ತಮ್ಮ ಬಗ್ಗೆ ಎರಡು ಸಾಲು, ಆ ಕುದುರೆ ಹೇಗಿದೆ ಅಂತ ನಾಲ್ಕು ಸಾಲು.

ಆದರೆ ಎಲ್ಲೆ ಇದೆ. ಯಾರಿಗೆ ಯಾವ ಕುದುರೆ ಅನ್ನೋದು ಹಿರಿಯ ರಾಂಗ್ಲರ್ ನಿರ್ಧಾರ, ಅತಿಥಿಯ ಆಸೆ ಅಲ್ಲ. ಕುದುರೆ ತನ್ನ ತೂಕದ ಐದನೇ ಒಂದು ಭಾಗದಷ್ಟು ಹೊರಬಹುದು ಅನ್ನೋದು ಸಾಮಾನ್ಯ ಲೆಕ್ಕ, ಜೀನಿನ ತೂಕವೂ ಅದರಲ್ಲೇ ಸೇರಬೇಕು. 1,000 ಪೌಂಡ್ ಕುದುರೆ ಅಂದರೆ 200 ಪೌಂಡ್. ತೂಕ ಕೇಳುವಾಗ ಜನಕ್ಕೆ ಮುಜುಗರ ಆಗುತ್ತದೆ. ನಾವು ಎಲ್ಲರನ್ನೂ ಒಂದೇ ಥರ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳುತ್ತಿದ್ದೆವು. ಜುಲೈನಲ್ಲಿ ಮಧ್ಯಾಹ್ನ ಆಯಿತೆಂದರೆ ಬೆಟ್ಟದ ಮೇಲೆ ಗುಡುಗು. ಗೆಳೆಯರು ಇನ್ನೂ ಸ್ವಲ್ಪ ಮೇಲೆ ಹೋಗೋಣ ಅಂತಾರೆ. ಬೇಡ ಅಂದರೆ ಬೇಡ, ಕೆಳಗೆ ಇಳೀಬೇಕು. ಅವರಿಗೆ ಬೇಜಾರಾದರೂ ಸರಿ.

ತುಂಗಾತೀರ

ಎಲ್ಲರಿಗೂ ತುಂಬ ಧನ್ಯವಾದ. ಮಗಳು ಅತ್ತೆ ಮತ್ತು ಕುರ್ಚಿಯ ವಿಷಯ ಓದಿ, ಇದು ನನ್ನಿಂದ ಆಗುತ್ತೆ ಅಂದಳು. ನನಗೆ ಅಷ್ಟು ಸಾಕಿತ್ತು.

ಇನ್ನೊಂದು ವಿಷಯ ಕೇಳದೆ ಇರಲಾರೆ. ಸ್ನೇಹ ಅನ್ನೋ ಹೆಸರಲ್ಲಿ ಯಾರಾದರೂ ಅತಿಯಾಗಿ ನಡೆದುಕೊಂಡರೆ? ಕುಡಿದಿರುತ್ತಾರೆ, ದುಡ್ಡು ಕೊಟ್ಟು ಬಂದವರು ಬೇರೆ. ಅವಳಿಗೆ 19.

ಒಲೆಮುಂದೆ

ಇದಕ್ಕೆ ಸುತ್ತಿಬಳಸದೆ ಉತ್ತರ. ಅಮೆರಿಕದಲ್ಲಿ ಕುಡಿಯುವ ವಯಸ್ಸು 21. ಅತಿಥಿ ಪ್ರೀತಿಯಿಂದ ಗ್ಲಾಸ್ ಮುಂದಿಟ್ಟರೂ ಅವಳಿಗೆ ಬೇಡ. ಕೆಲಸ ಮುಗಿದ ಮೇಲೆ ಅತಿಥಿಗಳ ಕ್ಯಾಬಿನ್ ಒಳಗೆ ಹೋಗೋದು ಬೇಡ, ಯಾವ ಕಾರಣಕ್ಕೂ. ಹೆಚ್ಚಿನ ರಾಂಚ್‌ಗಳಲ್ಲಿ ಇದು ಬರೆದಿಟ್ಟ ನಿಯಮ. ಕ್ಯಾಬಿನ್ ಸ್ವಚ್ಛ ಮಾಡುವಾಗ ಇಬ್ಬರು ಜೊತೆಯಾಗಿ ಹೋಗಲಿ, ಅತಿಥಿ ಒಳಗಿದ್ದರೆ ಆಮೇಲೆ ಬರ್ತೀವಿ ಅಂತ ಮುಂದಿನದಕ್ಕೆ ಹೋಗಲಿ.

ಯಾರಾದರೂ ಕಿರಿಕಿರಿ ಮಾಡಿದರೆ ಅದೇ ದಿನ ಹೇಳಬೇಕು. ಶನಿವಾರ ಹೋಗೇ ಹೋಗ್ತಾರಲ್ಲ ಅಂತ ಸಹಿಸಿಕೊಂಡು ಕೂರಬಾರದು. ನಮ್ಮ ಹೆಣ್ಣುಮಕ್ಕಳು ಇನ್ನೊಬ್ಬರಿಗೆ ಬೇಜಾರಾಗಬಾರದು ಅಂತ ಬೆಳೆದಿರುತ್ತಾರೆ, ಅದು ಅಲ್ಲಿ ಕೆಲಸಕ್ಕೆ ಬಾರದು. ಒಳ್ಳೆಯ ಮಾಲೀಕರು ಒಂದು ಕುಟುಂಬದ ಬುಕಿಂಗ್ ಹೋದರೂ ಚಿಂತಿಲ್ಲ ಅಂತ ತಮ್ಮ ಸಿಬ್ಬಂದಿಯ ಪರ ನಿಲ್ಲುತ್ತಾರೆ. ನಿಲ್ಲದ ಕಡೆ ಅವಳು ಇರಬೇಕಾಗಿಲ್ಲ, ನೀವು ಡೆನ್ವರ್‌ನಲ್ಲೇ ಇದ್ದೀರಿ, ಒಂದು ದಿನದ ದಾರಿ. ಈ ಮಾತನ್ನು ಹೊರಡುವ ಮೊದಲೇ ಅವಳಿಗೆ ಬಾಯಿಬಿಟ್ಟು ಹೇಳಿ.

ರೆಡ್ಮಂಡ್_ಅಮ್ಮ

ಫೋನ್ ನಂಬರ್ ವಿಷಯವೂ ಇದಕ್ಕೇ ಸೇರುತ್ತದೆ. ನಾವು ಹೊರಡುವ ದಿನ ಆ ಹುಡುಗಿಯ ನಂಬರ್ ಕೇಳಿದೆವು. ರಾಂಚ್‌ನ ವಿಳಾಸಕ್ಕೆ ಬರೆಯಿರಿ, ನನಗೆ ತಲುಪುತ್ತದೆ ಅಂದಳು. ನಮಗೆ ಏನೂ ಅನಿಸಲಿಲ್ಲ. ಪತ್ರ ಬರೆದೆವು, ಉತ್ತರ ಬಂತು. ನಂಬರ್ ಆಮೇಲೆ ಅವಳಾಗಿಯೇ ಕಳಿಸಿದಳು.

ಲೆಕ್ಕಪತ್ರ

ಒಂದು ಸಂಗತಿ ಯಾರೂ ಬರೆದಿಲ್ಲ. ಜೂನ್‌ನಲ್ಲಿ ಇರುವ ಉತ್ಸಾಹ ಆಗಸ್ಟ್‌ನಲ್ಲಿ ಇರುತ್ತಾ? ಪ್ರತಿ ವಾರ ಹೊಸ ಜನರ ಹೆಸರು, ಅದೇ ಪ್ರಶ್ನೆಗಳು, ಅದೇ ಕಥೆಗಳು. ನಾನು ಹೇಳಿದ ಹುಡುಗ ಕೊನೆಗೆ ಯಾರ ಮುಖವೂ ನೆನಪಿಲ್ಲ ಅಂದಿದ್ದ.

ಕುದುರೆಲಾಯ

ನಿಜ. ಆಗಸ್ಟ್ ಮಧ್ಯದಲ್ಲಿ ಎಲ್ಲರೂ ಬಸವಳಿದಿರುತ್ತಾರೆ. ಬೆಳಿಗ್ಗೆ ವಿದಾಯ ಹೇಳಿ ಕಣ್ಣೊರೆಸಿಕೊಂಡವರು ಮಧ್ಯಾಹ್ನ ಹೊಸ ಗಾಡಿಗೆ ಕೈ ಬೀಸಬೇಕು. ಅದರ ಮಧ್ಯೆ ಎಲ್ಲ ಹಾಸಿಗೆ ಬದಲಾಗಿರಬೇಕು. ಇದನ್ನು ಹಗುರ ಮಾಡಿ ಹೇಳೋಕೆ ನನಗೆ ಇಷ್ಟ ಇಲ್ಲ.

ನನಗೆ ಸಹಾಯ ಆಗಿದ್ದು ಜೇಬಿನ ಸಣ್ಣ ಪುಸ್ತಕ. ಹೆಸರು, ಕುದುರೆ, ಒಂದು ಸಾಲು. "ಅಕ್ಕ ತಂಗಿ, ತಂಗಿಗೆ ಎತ್ತರದ ಭಯ." "ಮೀನು ಹಿಡಿಯೋದು ಇಷ್ಟ, ಮೊಣಕಾಲು ನೋವು." ಹಳೆಯ ರಾಂಚ್‌ಗಳಲ್ಲಿ ಯಾವ ಅತಿಥಿ ಯಾವ ವರ್ಷ ಯಾವ ಕುದುರೆ ಹತ್ತಿದ್ದರು ಅಂತ ಕಚೇರಿಯಲ್ಲೇ ಬರೆದಿಟ್ಟಿರುತ್ತಾರೆ. ಅದನ್ನು ಶನಿವಾರ ರಾತ್ರಿ ನೋಡಿಕೊಂಡರೆ ಭಾನುವಾರ ಅರ್ಧ ಜನ ಹೊಸಬರಾಗಿರುವುದಿಲ್ಲ. ಎಲ್ಲರ ಜೊತೆಗೂ ಒಂದೇ ಆಳದ ಸ್ನೇಹ ಬೇಕಿಲ್ಲ. ಎಲ್ಲರಿಗೂ ಒಂದೇ ಗಮನ ಸಿಗಬೇಕು, ಅಷ್ಟೇ. ಇಡೀ ಬೇಸಿಗೆಗೆ ಎರಡು ಮೂರು ಕುಟುಂಬ ನಿಜವಾಗಿ ಹತ್ತಿರವಾದರೆ ಅದೇ ಜಾಸ್ತಿ.

ಇನ್ನು, ಅವಳು ಹೋಗುತ್ತಿರುವ ನೆಲದ ಬಗ್ಗೆ ಸ್ವಲ್ಪ ಓದಿಕೊಂಡು ಹೋಗಲಿ. ಅತಿಥಿಗಳು ಕೇಳೇ ಕೇಳುತ್ತಾರೆ. ಡೂಬಾಯ್ಸ್‌ನಿಂದ ಪೂರ್ವಕ್ಕೆ ವಿಂಡ್ ರಿವರ್ ರಿಸರ್ವೇಶನ್ ಇದೆ. ಈಸ್ಟರ್ನ್ ಶೋಶೋನಿ, ನಾರ್ದರ್ನ್ ಅರಾಪಹೋ ಜನರ ನಾಡು. ರಾಂಚ್ ಸುತ್ತಲಿನ ಬೆಟ್ಟಗಳಲ್ಲಿ ಶೋಶೋನಿಗಳಲ್ಲೇ ಒಂದು ಗುಂಪು ಬಿಗ್‌ಹಾರ್ನ್ ಎಂಬ ದೊಡ್ಡ ಕೊಂಬಿನ ಕಾಡುಕುರಿ ಬೇಟೆಯಾಡಿಕೊಂಡು ಬದುಕಿತ್ತು. ಟಗರಿನ ಕೊಂಬನ್ನು ಬಿಸಿ ಮಾಡಿ ನೆಟ್ಟಗೆ ಮಾಡಿ ಬಿಲ್ಲು ಕಟ್ಟುತ್ತಿದ್ದರು. ಡೂಬಾಯ್ಸ್ ಊರಲ್ಲೇ ಆ ಕಾಡುಕುರಿಗಳ ಬಗ್ಗೆ ಒಂದು ಸಂಗ್ರಹಾಲಯ ಇದೆ, ಮೊದಲ ರಜಾ ದಿನವೇ ಹೋಗಿ ಬರಲಿ. ಕೌಬಾಯ್ ಕಥೆಯನ್ನಷ್ಟೇ ಹೇಳುವವರಿಗಿಂತ ಇದನ್ನೂ ಬಲ್ಲವರ ಜೊತೆ ಸವಾರಿ ಹೋಗೋಕೆ ಅತಿಥಿಗಳು ಹೆಚ್ಚು ಇಷ್ಟಪಡುತ್ತಾರೆ. ಆ ಜನರಿಗೆ ಸಲ್ಲಬೇಕಾದ ಗೌರವವೂ ಹೌದು.

ಆ ಕಡೆ ಗ್ರಿಜ್ಲಿ ಕರಡಿ ಇದೆ. ಕ್ಯಾಬಿನ್‌ನಲ್ಲಿ ತಿಂಡಿ ಇಡಬಾರದು ಅನ್ನೋ ನಿಯಮ ಇದ್ದೇ ಇರುತ್ತದೆ. ಸ್ವಚ್ಛ ಮಾಡುವಾಗ ಮಕ್ಕಳ ದಿಂಬಿನ ಕೆಳಗೆ ಚಾಕಲೇಟ್ ಸಿಕ್ಕರೆ ಬೈಯದೆ, ಅದರ ಮೇಲೆ ಹೆಸರು ಬರೆದು ಊಟದ ಹಾಲ್‌ನಲ್ಲಿ ಇಟ್ಟಿದ್ದೀನಿ ಅಂತ ಹೇಳಲಿ.

ತುಂಗಾತೀರ

ಮಗಳು ನಿನ್ನೆ ರಾಂಚ್‌ಗೆ ಫೋನ್ ಮಾಡಿ ಕೇಳಿದಳು. ಟಿಪ್ ಎಲ್ಲರ ನಡುವೆ ಸಮಪಾಲು. ಬೆಂಕಿ ಹಾಕುವ ರಾತ್ರಿಗಳಲ್ಲಿ ವಾರಕ್ಕೆ ಎರಡು ಕಡ್ಡಾಯ, ಅದಕ್ಕೆ ಗಂಟೆ ಬರೆಯುತ್ತಾರೆ. ಉಳಿದದ್ದು ಇಷ್ಟ ಇದ್ದರೆ. ಸಿಬ್ಬಂದಿಗೆ ಬೇರೆ ಮನೆ ಇದೆ, ಅಲ್ಲಿಗೆ ಅತಿಥಿಗಳು ಬರುವಂತಿಲ್ಲ. ಅಡುಗೆಯವರ ಹತ್ತಿರ ಬೀನ್ಸ್‌ಗೆ ಏನು ಹಾಕ್ತೀರಿ ಅಂತಲೂ ಕೇಳಿದಳಂತೆ. ಅವರು ನಕ್ಕು, ಬಾ, ನಿನಗೆ ಬೇರೆ ಪಾತ್ರೆ ಇಡ್ತೀನಿ ಅಂದರಂತೆ.

ಕೊನೆಯ ಪ್ರಶ್ನೆ ಅವಳದೇ: ಬಟ್ಟೆಬರೆ ಏನು ಒಯ್ಯಬೇಕು?

ಕುದುರೆಲಾಯ

ಬೂಟು ಈಗಲೇ ಕೊಂಡು ಮನೆಯಲ್ಲಿ ಹಾಕಿಕೊಂಡು ಓಡಾಡಲಿ, ಅಲ್ಲಿ ಹೋಗಿ ಪಳಗಿಸೋಕೆ ಸಮಯ ಇರುವುದಿಲ್ಲ. ಹಿಮ್ಮಡಿ ಇರುವ ಬೂಟೇ ಆಗಬೇಕು, ಇಲ್ಲದಿದ್ದರೆ ಪಾದ ಸ್ಟಿರಪ್ ದಾಟಿ ಸಿಕ್ಕಿಹಾಕಿಕೊಳ್ಳುತ್ತದೆ. ಜುಲೈ ರಾತ್ರಿಯಲ್ಲೂ ಚಳಿ, ಹಾಗಾಗಿ ಒಂದು ದಪ್ಪ ಸ್ವೆಟರ್, ಒಂದು ಮಳೆ ಕೋಟು. ತುಟಿಗೆ ಹಚ್ಚೋಕೆ ಏನಾದರೂ, ಗಾಳಿ ಬಹಳ ಒಣ. ಮತ್ತೆ ಆ ಜೇಬಿನ ಪುಸ್ತಕ, ಪೆನ್ಸಿಲ್. ಚಳಿಗೆ ಪೆನ್ನು ನಿಂತುಹೋಗುತ್ತದೆ.

ಒಲೆಮುಂದೆ

ಸಾಸಿವೆ, ಒಣಗಿಸಿದ ಕರಿಬೇವು, ಸ್ವಲ್ಪ ಇಂಗು ಚೀಲದಲ್ಲಿ ಹಾಕಿ ಕಳಿಸಿ. ನಿಂಬೆಹಣ್ಣು, ಕಡಲೆಬೀಜ ಅಲ್ಲೇ ಸಿಗುತ್ತದೆ. ರಜಾ ದಿನ ಸಿಬ್ಬಂದಿಗೆಲ್ಲ ಒಂದು ಸಲ ಚಿತ್ರಾನ್ನ ಮಾಡಿ ಹಾಕಲಿ. ಅನ್ನ ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಲಿ, ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಅಕ್ಕಿ ಮಾತ್ರ ನಿಧಾನ ಬೇಯುತ್ತದೆ.

ತುಂಗಾತೀರ

ಬರೆದುಕೊಂಡೆವು. ಪೆನ್ಸಿಲ್ ಕೂಡ.